ಕಾರು ನೆಕ್ಕುವ ದೇವು

ತಲ್ಲೂರಿನ ದೇವುವನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೋಸ ಹೋದೆ ಎನ್ನಬಾರದು. ಅವನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಾದರೆ ಸಾಚಾ ಮನುಷ್ಯ, ಕೈ ಶುದ್ಧ, ಬಾಯಿ ಶುದ್ಧ ಎಂದು ನಾಲ್ಕು ಸಾಲಿನಲ್ಲಿ ಹೊಗಳಿ ಎದ್ದುಹೋಗುತ್ತಾರೆ. ನಾನು ಅವನನ್ನು ನೋಡಿ ಒಂಬತ್ತು ವರ್ಷ ಹಲ್ಲು ಕಡಿದವನು. ಅವನು ಕಾರಿನ ಯಾವ ಬದಿಯಿಂದ ಬಗ್ಗುತ್ತಾನೆ, ಎಷ್ಟು ಹೊತ್ತು ಸುಮ್ಮನಿರುತ್ತಾನೆ, ಯಾವಾಗ ಉಗುಳುತ್ತಾನೆ ಎಲ್ಲವೂ ನನಗೆ ಕಂಠಪಾಠ.

ಬಾಯಿ ಶುದ್ಧ ಎನ್ನುವುದಂತೂ ಅಪ್ಪಟ ಸುಳ್ಳು. ಅವನು ಕಾರು ನೆಕ್ಕುತ್ತಾನೆ.

ದೇವು ಹುಟ್ಟಿದ್ದು ಗಂಗೊಳ್ಳಿಯ ಮೀನುಗಾರರ ಮನೆಯಲ್ಲಿ. ಹದಿನಾರನೇ ವಯಸ್ಸಿಗೆ ಬೋಟಿನ ಎಂಜಿನ್ ರಿಪೇರಿಗೆ ಸೇರಿದ. ಬೋಟಿನ ಎಂಜಿನ್ನಿನೊಳಗೆ ನೀರು ಕಂಡರೆ ಮೊದಲು ತಿಳಿಯಬೇಕಾದ್ದು ಅದು ಸಮುದ್ರದ ನೀರೋ, ಎಂಜಿನ್ ತಣಿಸಲು ಹಾಕಿದ ಸಿಹಿ ನೀರೋ ಎಂದು. ಅದನ್ನು ಹೇಳಲು ನಾಲಿಗೆಗಿಂತ ದೊಡ್ಡ ಯಂತ್ರ ಅವನಿಗೆ ಕೆಲಸ ಕಲಿಸಿದವರ ಹತ್ತಿರ ಇರಲಿಲ್ಲ. ಬೆರಳಿಗೆ ಹಚ್ಚು, ನಾಲಿಗೆಗೆ ಮುಟ್ಟಿಸು, ಉಗುಳು. ಹನ್ನೆರಡು ವರ್ಷ ಹೀಗೆ ಉಗುಳಿದ ಮೇಲೆ ಮುಂಬೈಗೆ ಹೋಗಿ, ಒಂದು ಗ್ಯಾರೇಜಿನಲ್ಲಿ ಇಪ್ಪತ್ತೊಂದು ವರ್ಷ ಜರ್ಮನ್ ಕಾರುಗಳ ಅಡಿಯಲ್ಲಿ ಮಲಗಿದ. ಗ್ಯಾರೇಜಿಗೆ ಲಿಫ್ಟ್ ಬಂತು, ಕಂಪ್ಯೂಟರ್ ಬಂತು. ಇವನ ನಾಲಿಗೆ ಮಾತ್ರ ಅದೇ ಉಳಿಯಿತು.

ಊರಿಗೆ ವಾಪಸು ಬಂದು ತಲ್ಲೂರಿನಲ್ಲಿ ಒಂದು ಹಲಸಿನ ಮರದಡಿ, ಕಾರಿನ ಕೆಳಗೆ ನಿಂತು ನೋಡಲು ಹೊಂಡ ತೋಡಿ, ಮೇಲೆ ತಗಡು ಹೊದಿಸಿ ಕೂತ. ಬೋರ್ಡಿಲ್ಲ. ಪಾನಾ, ಸ್ಕ್ರೂಡ್ರೈವರುಗಳೆಲ್ಲ ಒಂದು ಮೀನಿನ ಕ್ರೇಟಿನಲ್ಲಿ. ಈಗ ಐವತ್ತೆಂಟು ವರ್ಷ, ಸಣಕಲು ಶರೀರ, ಖಾಕಿ ಚಡ್ಡಿ. ಹೆಂಡತಿ ಬೆಳ್ಳಿ ತಲ್ಲೂರಿನಲ್ಲೇ ಮೀನು ಮಾರುತ್ತಾಳೆ. ಗಂಡ ನನ್ನ ಹೊಟ್ಟೆಗೆ ಹೊಡೆದ ಮರುದಿನವೂ ಆಕೆ ನನಗೆ ಒಳ್ಳೆಯ ಬಂಗುಡೆಯನ್ನೇ ಆರಿಸಿ ಕೊಡುವುದು ಇನ್ನೊಂದು ತಲೆನೋವು. ಬೈಯಲಿಕ್ಕೂ ಒಂದು ದಾರಿ ಬಿಡದ ಸಂಸಾರ.

ನಾನು ಸುಧೀರ. ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಹಳೇ ಕಾರು ಮಾರುವ ಅಂಗಳ ನನ್ನದು. ನಮ್ಮ ಕಡೆಯವರು ಮುಂಬೈಯಲ್ಲಿ ಹೋಟೆಲು ನಡೆಸಿ, ವಯಸ್ಸಾದ ಮೇಲೆ ಊರಿಗೆ ಬರುವಾಗ ಒಂದು ದೊಡ್ಡ ಕಾರು ತಂದೇ ತರುತ್ತಾರೆ. ವರ್ಷಕ್ಕೆ ನಾಲ್ಕು ಮದುವೆ, ಒಂದು ನಾಗದರ್ಶನ, ಸತ್ತವರ ಹೆಸರಿನ ಎರಡು ಬೊಜ್ಜ, ಅಷ್ಟಕ್ಕೆ ಅದು ಹೊರಗೆ ಬರುತ್ತದೆ. ಮಿಕ್ಕ ದಿನ ಶೆಡ್ಡಿನೊಳಗೆ ಹೊದಿಕೆ ಹೊದ್ದು ಮಲಗಿರುತ್ತದೆ. ಆ ಕಾರುಗಳನ್ನು ಅವರಿಂದ ಬಿಡಿಸಿ, ಆಸೆ ಇದ್ದವರ ಕೈಗೆ ಮುಟ್ಟಿಸುವುದು ನನ್ನ ಕೆಲಸ. ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಮಾರುವವನ ಮಾತೇ ಬಂಡವಾಳ. ಸುಧೀರ ಹೇಳಿದ ಮೇಲೆ ಮುಗಿಯಿತು ಎಂದು ಜನ ಹೇಳಬೇಕು. ದೇವು ಬರುವ ತನಕ ಹೇಳುತ್ತಲೂ ಇದ್ದರು.

ಅವನು ಕಾರು ನೋಡುವ ರೀತಿಯೇ ಮಾರುವವನಿಗೆ ಅವಮಾನ. ಹೇಳಿದ ಹೊತ್ತಿಗೆ ಬರುವುದಿಲ್ಲ, ಒಂದು ಗಂಟೆ ಮೊದಲೇ ಬರುತ್ತಾನೆ. ಬಂದವನು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ. ಬಿಸಿ ಇದ್ದರೆ ಮಾತೇ ಇಲ್ಲ, ಮನೆಗೆ ಹೋಗುತ್ತಾನೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಬರುವ ಹೊಗೆ, ಸದ್ದು ಅವನಿಗೆ ಬೇಕು. ಬಿಸಿ ಮಾಡಿಟ್ಟ ಎಂಜಿನ್ ಎಲ್ಲವನ್ನೂ ಮುಚ್ಚಿಹಾಕುತ್ತದಂತೆ. ಆಮೇಲೆ ನಾಲ್ಕು ಟಯರಿನ ತಾರೀಕು ಓದುತ್ತಾನೆ. ಇಷ್ಟು ಶಕ್ತಿಯ ಕಾರಿಗೆ ಎರಡು ಟಯರು ಒಂದು ಕಂಪನಿಯದು, ಎರಡು ಅಗ್ಗದ್ದು ಹಾಕಿದವನು ಎಣ್ಣೆಯನ್ನೂ ಅಗ್ಗದ್ದೇ ಹಾಕಿರುತ್ತಾನೆ ಎಂದು ಅವನ ಲೆಕ್ಕ. ಬ್ರೇಕಿನ ಪೆಡಲಿನ ರಬ್ಬರು ಸವೆದು, ಕಿಲೋಮೀಟರ್ ಮಾತ್ರ ಮೂವತ್ತು ಸಾವಿರ ತೋರಿಸುತ್ತಿದ್ದರೆ ನನ್ನ ಮುಖ ನೋಡುತ್ತಾನೆ. ಒಂದು ಮಾತಾದರೂ ಆಡಿದರೆ ಜಗಳ ತೆಗೆಯಬಹುದು. ಇಲ್ಲ, ಬರೀ ನೋಡುತ್ತಾನೆ.

ಒಮ್ಮೆ ಬ್ರಹ್ಮಾವರದ ಡಾಕ್ಟರೊಬ್ಬರು ನನ್ನ ಅಂಗಳದ ನೀಲಿ ಕಾರೊಂದನ್ನು ಒಪ್ಪಿ, ಹೊಸ ಕಾರಿನ ಪೂಜೆಗೆ ದಿನವನ್ನೂ ನೋಡಿದ್ದರು. ಹಿಂದಿನ ದಿನ ದೇವು ಬಂದ. ಹಿಂದಿನ ಸೀಟಿನ ಬೆಲ್ಟನ್ನು ಹಿಡಿದು ಎಳೆದ, ಎಳೆದ, ಪೂರ್ತಿ ಕೊನೆಯ ತನಕ ಎಳೆದ. ಯಾರೂ ಎಳೆಯದ ಆ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಒಂದು ಗೆರೆ ಇತ್ತು. ಕಾರು ಎಲ್ಲೋ ನೆರೆಯಲ್ಲಿ ಸೀಟಿನ ಮಟ್ಟಕ್ಕೆ ಮುಳುಗಿತ್ತು ಎಂದು ನನಗೂ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಗೊತ್ತಿರಲಿಲ್ಲ. ಆದರೆ ಡಾಕ್ಟರು ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಅವತ್ತೇ ದೇವುವಿಗೆ ಹೇಳಿದೆ, ಇನ್ನು ನನ್ನ ಅಂಗಳದೊಳಗೆ ಕಾಲಿಡಬೇಡ ಎಂದು. ಅವನು ಆಯ್ತು ಎಂದು ಹೋದ. ಆಮೇಲೆ ಏನಾಯಿತು ಗೊತ್ತೇ? ನನ್ನ ಗಿರಾಕಿಗಳು ಕಾರನ್ನು ಟ್ರಯಲ್ ನೋಡುತ್ತೇವೆಂದು ತೆಗೆದುಕೊಂಡು ಹೋಗಿ, ಸೀದಾ ಅವನ ಹೊಂಡದ ಮೇಲೆ ನಿಲ್ಲಿಸತೊಡಗಿದರು. ನನ್ನ ಕಾರು, ನನ್ನ ಪೆಟ್ರೋಲು, ಅವನ ತೀರ್ಪು!

ಹೋದ ವರ್ಷದ ಹೊತ್ತಿಗೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದರೆ, ಅಂಗಳಕ್ಕೆ ಕಾಲಿಟ್ಟವರು ನನ್ನನ್ನು ಕೇಳುತ್ತಿದ್ದ ಮೊದಲ ಮಾತು, "ಈ ಕಾರನ್ನ್ ದೇವಣ್ಣ ಕಂಡಿರಾ?" ನಾನು ಒಳ್ಳೆಯ ಕಾರನ್ನು ಒಳ್ಳೆಯದು ಎಂದರೂ ನಂಬುವವರಿಲ್ಲ. ನನ್ನ ಅಂಗಳದಲ್ಲಿ ನನ್ನ ಮಾತಿಗೇ ಬೆಲೆ ಇಲ್ಲ ಎಂದ ಮೇಲೆ ಅಲ್ಲಿ ಕುರ್ಚಿ ಹಾಕಿ ಕೂತು ಪ್ರಯೋಜನವೇನು? ಅದಕ್ಕೇ ಈ ಮಾರ್ಚಿನಲ್ಲಿ ಮರವಂತೆಯ ಅಣ್ಣಯ್ಯ ಶೆಟ್ಟರ ಕಾರು ಕೈಗೆ ಬಂದಾಗ ಇದರಲ್ಲಿ ಗೆಲ್ಲಲೇಬೇಕು ಎಂದು ಹಟ ಹಿಡಿದೆ.

ಕಾರು ಅಂದರೆ ಅದು ಕಾರು. ಒಂಬತ್ತು ವರ್ಷ ಹಳೆಯ ಜರ್ಮನ್ ಸೆಡಾನ್, ಕಡು ಬೂದು ಬಣ್ಣ. ಕಾಲಿಟ್ಟರೆ ಐದು ಸೆಕೆಂಡು ತುಂಬುವ ಮೊದಲೇ ನೂರು ಮುಟ್ಟುತ್ತದೆ. ಶೆಟ್ಟರು ಮುಂಬೈಯಲ್ಲಿ ಕೊಂಡು, ನಾಲ್ಕು ವರ್ಷದ ಹಿಂದೆ ಹೋಟೆಲು ಮಕ್ಕಳಿಗೆ ಬಿಟ್ಟು ಬರುವಾಗ ಜೊತೆಗೆ ತಂದಿದ್ದರು. ಕೊಳ್ಳಲು ಹೊರಟವನು ಬೈಂದೂರಿನ ರತೀಶ್, ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಬೈಂದೂರಿನಲ್ಲಿ ಅವನು ಯಾವ ಫೋನು ಕೊಂಡರೂ ಇನ್ನೂ ಹತ್ತು ಜನ ಅದೇ ಫೋನು ಕೊಳ್ಳುತ್ತಾರೆ, ಅಂಥ ಜನ. ನಾನು ಅವನಿಗೆ ಮಾತು ಕೊಟ್ಟಿದ್ದೆ: ಈ ಕಾರಿಗೆ ಒಂದೇ ಒಂದು ಕೊರತೆ ಇದ್ದರೆ ಸುಧೀರ ಅಂತ ಕರೀಬೇಡ. ರತೀಶ್ ನಕ್ಕು, "ನಿಮ್ ಮಾತ್ ಸರಿಯೆ ಸುಧೀರಣ್ಣ. ಆದ್ರೂ ದೇವಣ್ಣ ಒಂದ್ ಸಲ ಕಾಣ್ಲಿ" ಎಂದ. ಆ ನಗುವಿಗೆ ಮೈಯೆಲ್ಲ ಉರಿಯಿತು.

ಹಿಂದಿನ ದಿನ ಸಂಜೆ ನಾನು ಮರವಂತೆಗೆ ಹೋಗಿ, ಕಾರನ್ನು ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ ಬಂದೆ. ಒಂದು ಬದಿಗೆ ಕಡಲು, ಒಂದು ಬದಿಗೆ ಹೊಳೆ. ಮೀಟರಿನ ಮುಳ್ಳು ನೂರನಲವತ್ತು ದಾಟಿದ್ದು ಗೊತ್ತೇ ಆಗಲಿಲ್ಲ. ವಾಪಸು ತಂದು ನಿಲ್ಲಿಸಿದಾಗ ಶೆಟ್ಟರು ಪೈಪು ಹಿಡಿದು ಕಾಯುತ್ತಿದ್ದರು. ನಾನು ಇಳಿಯುವ ಮೊದಲೇ ಕಾರಿನ ಅಡಿಗೆ ಜೋರಾಗಿ ನೀರು ಹೊಡೆಯಲು ಶುರು.

"ನಾಕ್ ವರ್ಷ ಆಯ್ತ್, ಒಂದ್ ದಿನ ತಪ್ಸ್ಲಿಲ್ಲ" ಎಂದರು ಶೆಟ್ಟರು. "ಕಡಲ ಗಾಳಿ ಅಲ್ದಾ? ಅಡಿಗೆ ದಿನಾ ನೀರ್ ಹೊಡಿಕ್. ಹಾಂಗಂತ ಹೇಳ್ದದ್ ಯಾರ್ ಗೊತ್ತಿತ್ತಾ? ನಿಮ್ ದೇವು."

ನನಗೆ ಕುಣಿಯುವಷ್ಟು ಖುಷಿಯಾಯಿತು. ಆ ಉಪದೇಶ ನನಗೂ ಗೊತ್ತಿದ್ದದ್ದೇ. ವರ್ಷಗಳ ಹಿಂದೆ ದೇವು ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದು, ಕೇಳಲಿಕ್ಕೆ ತಿಳಿದವರ ಮಾತಿನಂತಿದೆ ಎಂದು ನಾನೂ ಎತ್ತಿಕೊಂಡಿದ್ದೆ. ಕಡಲ ಬದಿಯವರಿಗೆ ಕೀ ಕೊಡುವಾಗ ನನ್ನದೇ ಬುದ್ಧಿ ಎಂಬಂತೆ ಹೇಳುತ್ತಲೂ ಇದ್ದೆ. ಈಗ ನಾಳೆ ಅವನು ಕಾರಿನ ಅಡಿಯಲ್ಲಿ ಏನಾದರೂ ಕೊಂಕು ತೆಗೆದರೆ, ನಾಲ್ಕು ವರ್ಷ ನಿನ್ನ ಮಾತಿನಂತೆ ಇಟ್ಟ ಕಾರು ಇದು ಎಂದು ಎಲ್ಲರೆದುರು ಮುಖಕ್ಕೆ ಹಿಡಿಯಬಹುದು. ಕೊಂಕು ತೆಗೆಯದಿದ್ದರೆ ಕಾರು ಮಾರಾಟವಾಯಿತು. ಎರಡರಲ್ಲೂ ಗೆಲುವು ನನ್ನದೇ. ಅವತ್ತು ಮನೆಯಲ್ಲಿ ಊಟ ಹೆಚ್ಚೇ ಸೇರಿತು.

ಬೆಳಿಗ್ಗೆ ಎಂಟಕ್ಕೆ ಬಾ ಎಂದರೆ ದೇವು ಏಳಕ್ಕೆ ಬಂದು ಶೆಟ್ಟರ ಅಂಗಳದಲ್ಲಿ ನಿಂತಿದ್ದ. ನನಗೆ ಅವನ ಚಾಳಿ ಗೊತ್ತಲ್ಲ, ನಾನು ಆರೂವರೆಗೇ ಬಂದು ಕಾವಲು ಕೂತಿದ್ದೆ. ರತೀಶ್ ಬೈಕಿನಲ್ಲಿ ಬಂದ. ದೇವು ಬಾನೆಟ್ಟು ಮುಟ್ಟಿದ, ತಣ್ಣಗಿತ್ತು. ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ನಿಂತ. ಹೊಗೆ ಇಲ್ಲ, ಅಪಶ್ರುತಿ ಇಲ್ಲ. ಟಯರು ನಾಲ್ಕೂ ಒಂದೇ ಕಂಪನಿ, ಒಂದೇ ವರ್ಷ. ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರವನ್ನು ಬಾಗಿಲು ಬಾಗಿಲಿಗೆ ಒತ್ತಿದ, ಎಲ್ಲೂ ಮರುಬಣ್ಣ ಇಲ್ಲ. ಸ್ಟೇರಿಂಗಿನ ಕೆಳಗೆ ಸ್ಕ್ಯಾನರಿನ ವಯರು ಚುಚ್ಚಿ ನೋಡಿದ. ದೋಷದ ಪಟ್ಟಿ ಖಾಲಿ, ಅದನ್ನು ಯಾರೂ ಇತ್ತೀಚೆಗೆ ಅಳಿಸಿಯೂ ಇಲ್ಲ. ಸರ್ವಿಸ್ ಪುಸ್ತಕದಲ್ಲಿ ಮುಂಬೈಯ ಸೀಲುಗಳು ಸಾಲಾಗಿ ಇದ್ದವು. ಎಂಜಿನ್ನಿನ ಶಕ್ತಿ ಹೆಚ್ಚಿಸಲು ಯಾರಾದರೂ ಕೈ ಹಾಕಿದ್ದಾರಾ ಎಂದೂ ಹುಡುಕಿದ, ಇಲ್ಲ.

"ಎಂಜಿನ್ ಚಿನ್ನ" ಎಂದ.

ಒಂಬತ್ತು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ರತೀಶನ ಕಡೆ ನೋಡಿ ಹುಬ್ಬು ಹಾರಿಸಿದೆ.

"ಇನ್ನ್ ಅಡಿ ಕಾಂಬ" ಎಂದು ದೇವು ಜ್ಯಾಕ್ ತೆಗೆದ.

ಈ ಜಾತಿಯ ಕಾರಿನ ಅಡಿ ಬರಿದಾಗಿ ಇರುವುದಿಲ್ಲ. ಓಡುವಾಗ ಗಾಳಿ ತಡೆಯಬಾರದೆಂದು ಕೆಳಗೆ ಉದ್ದಕ್ಕೂ ಪ್ಲಾಸ್ಟಿಕ್ಕಿನ ತಟ್ಟೆ ಬಿಗಿದಿರುತ್ತಾರೆ, ಇಪ್ಪತ್ತು ಮೂವತ್ತು ಸ್ಕ್ರೂ. ಅದನ್ನು ಬಿಚ್ಚಿ ನೋಡುವ ತಾಳ್ಮೆ ಯಾವ ಗಿರಾಕಿಗೂ ಇರುವುದಿಲ್ಲ. ದೇವುವಿಗೆ ಇದೆ.

"ಅದನ್ನ್ ಎಂತಕ್ ಬಿಚ್ಚುದ್ ಮಾರಾಯ?" ಎಂದು ಶೆಟ್ಟರು ಸಿಡುಕಿದರು. "ನೀ ಹೇಳ್ದಂಗೇ ದಿನಾ ತೊಳೀತಿದ್ದೆ. ಊಟ ಬಡ್ಸುವಷ್ಟ್ ಚೊಕ್ಕ ಇತ್ತ್ ಅಡಿ."

ದೇವು ಬೆನ್ನಡಿಗೆ ಗೋಣಿ ಹಾಕಿ ಕಾರಿನಡಿ ಜಾರಿದ. ಮೊದಲ ಸ್ಕ್ರೂ ತಿರುಗಲಿಲ್ಲ. ಎರಡನೆಯದರ ತಲೆ ಪುಡಿಯಾಗಿ ಉದುರಿತು. ಅರ್ಧ ಗಂಟೆ ಒದ್ದಾಡಿ ತಟ್ಟೆಯ ಒಂದು ತುದಿ ಸಡಿಲಿಸಿದಾಗ, ಒಳಗೆ ನಿಂತಿದ್ದ ನೀರು ದಬಕ್ಕನೆ ಅವನ ಎದೆಯ ಮೇಲೆ ಸುರಿಯಿತು. ಜೊತೆಗೆ ಬಿಳಿ ಹಕ್ಕಳೆಗಳು. ನಾನು ಬಗ್ಗಿ ನೋಡಿದೆ. ಅವನು ಒಂದು ಹಕ್ಕಳೆಯನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದ. ಉಗುಳಿದ. ಇನ್ನೊಂದು ಕಡೆಯಿಂದ ತೆಗೆದು ಮತ್ತೆ ಮುಟ್ಟಿಸಿದ. ಉಗುಳಿದ.

"ಉಪ್ಪ್" ಎಂದ. "ರತೀಶಣ್ಣ, ತಕಂಬ್ದ್ ಬ್ಯಾಡ. ಬ್ರೇಕಿನ್ ಪೈಪ್ ತಿಂದ್ ಹೋಯಿತ್ತ್."

ನಾನು ಕಾಯುತ್ತಿದ್ದ ಹೊತ್ತು ಅದೇ. ಸ್ವರ ಎತ್ತಿದೆ. "ಹ್ವಾಯ್ ದೇವಣ್ಣ, ಹೊರ್ಗ್ ಬನ್ನಿ ಕಾಂಬ. ನಾಕ್ ವರ್ಷ ದಿನಾ ಅಡಿಗೆ ನೀರ್ ಹೊಡಿಕ್ ಅಂತ ಶೆಟ್ರಿಗೆ ಹೇಳ್ದದ್ ಯಾರ್? ನೀವೇ ಅಲ್ದಾ? ನಿಮ್ ಮಾತ್ ಕೇಂಡ್ ಇಟ್ಟ್ ಕಾರ್ ಇದ್. ಈಗ ನೀವೇ ಬ್ಯಾಡ ಅಂದ್ರೆ ಹ್ಯಾಂಗೆ?"

ದೇವು ಹೊರಗೆ ಬಂದ. ಅಂಗಿಯಿಂದ ನೀರು ಇಳಿಯುತ್ತಿತ್ತು. ನನ್ನ ಕಡೆ ನೋಡದೆ ಶೆಡ್ಡಿನ ಮೂಲೆಗೆ ಹೋಗಿ, ಕಾರು ತೊಳೆಯುವ ಪೈಪಿನ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡ. ಹಾಕಿಕೊಂಡವನು ನುಂಗಲೂ ಇಲ್ಲ, ತಕ್ಷಣ ಉಗುಳಲೂ ಇಲ್ಲ. ಬಾಯಿ ಉಬ್ಬಿಸಿಕೊಂಡೇ ಸ್ವಲ್ಪ ಹೊತ್ತು ನಿಂತ.

"ಶೆಟ್ರೆ, ಕುಡುದ್ ಇದೇ ನೀರಾ?" ಎಂದ ಆಮೇಲೆ.

"ಕುಡುದಾ?" ಶೆಟ್ಟರಿಗೆ ನಗು ಬಂತು. "ಹುಚ್ಚಾ ನಿಂಗೆ? ಕುಡುಕೆ ಒಳ್ಗೆ ಬಾವಿ ಇತ್ತ್. ಇದ್ ಬೋರಿಂದ್. ಆ ಬದಿ ಕಡಲ್, ಈ ಬದಿ ಹೊಳಿ, ಬೋರಗೆ ಸಿಹಿ ನೀರ್ ಎಲ್ಲಿಂದ್ ಬತ್ತ್? ಉಪ್ಪ್ ನೀರ್ ಅದ್, ಬಾಯಿಗ್ ಹಾಕುಕೆ..."

ಅಷ್ಟಕ್ಕೆ ಅವರ ಮಾತು ನಿಂತಿತು. ನಮ್ಮ ಕಡೆ ಕಡಲ ಬದಿಯ ಪ್ರತಿ ಮನೆಯ ಪದ್ಧತಿ ಇದು. ಬಾವಿಯ ಸಿಹಿ ನೀರು ಅಡುಗೆಗೆ, ದೇವರಿಗೆ. ಬೋರಿನ ಉಪ್ಪು ನೀರು ಅಂಗಳಕ್ಕೆ, ದನದ ಕೊಟ್ಟಿಗೆಗೆ, ಗಾಡಿ ತೊಳೆಯಲಿಕ್ಕೆ. ಸಿಹಿ ನೀರಿನಲ್ಲಿ ಯಾರಾದರೂ ಕಾರು ತೊಳೆದರೆ ಹಿರಿಯರು ಸುಮ್ಮನೆ ಬಿಡುವುದಿಲ್ಲ. ಶೆಟ್ಟರು ಸಾವಿರದ ನಾನೂರು ದಿನ, ಒಂದು ದಿನವೂ ತಪ್ಪಿಸದೆ, ಕಾರಿನ ಅಡಿಗೆ ಉಪ್ಪು ಹಾಕಿದ್ದರು. ಬೇರೆ ಕಾರಾದರೆ ನೀರು ಹರಿದಾದರೂ ಹೋಗುತ್ತಿತ್ತು. ಈ ಕಾರಿನ ತಟ್ಟೆ ಅದನ್ನೆಲ್ಲ ಜೋಪಾನವಾಗಿ ಹಿಡಿದಿಟ್ಟುಕೊಂಡಿತ್ತು.

ದೇವು ಕಡಲ ಬದಿಯಲ್ಲೇ ಹುಟ್ಟಿದವನು. ಉಪ್ಪಿನ ವಿಷಯ ಅವನಷ್ಟು ತಿಳಿದವನು ಈ ಮೂರು ತಾಲೂಕಿನಲ್ಲಿ ಇಲ್ಲ. ಅವನು ಈಗ ಹೇಗೆ ನುಣುಚಿಕೊಳ್ಳುತ್ತಾನೆ ನೋಡುವ ಎಂದು ನಾನು ಕೈಕಟ್ಟಿ ನಿಂತೆ.

"ತಪ್ಪ್ ನಂದೇ" ಎಂದ ದೇವು. "ನೀರ್ ಹೊಡಿಕ್ ಅಂದೆ. ಯಾವ್ ನೀರ್ ಅಂತ ಕೇಣ್ಲಿಲ್ಲ."

ಅಷ್ಟೇ. ಒಂದು ನೆಪ ಇಲ್ಲ, ಒಂದು 'ಆದರೆ' ಇಲ್ಲ. ಶೆಟ್ಟರು ಅವನ ಮೇಲೆ ಹಾರಾಡಿದರು, ನಾಲ್ಕು ವರ್ಷದ ಬೆವರು ನೀರಿಗೆ ಹೋಯಿತೆಂದು ಕೂಗಿದರು, ಮುಂಬೈ ಹಿಂದಿಯಲ್ಲಿ ಬೈದರು. ಅವನು ತಲೆ ಅಲ್ಲಾಡಿಸುತ್ತಾ ಎಲ್ಲವನ್ನೂ ಕೇಳಿಕೊಂಡ. ನನ್ನ ಕೈಯಲ್ಲಿದ್ದ ದೊಡ್ಡ ಆಯುಧವನ್ನು ಅವನೇ ಎತ್ತಿ ತನ್ನ ತಲೆಗೆ ಹೊಡೆದುಕೊಂಡಿದ್ದ. ನನಗೆ ಹೊಡೆಯಲು ಏನೂ ಉಳಿಯಲಿಲ್ಲ. ನನ್ನ ಪಿತ್ತ ನೆತ್ತಿಗೇರಿದ್ದು ಆಗಲೇ.

"ಸ್ವಲ್ಪ ತುಕ್ಕಿಗೆ ಇಷ್ಟ್ ದೊಡ್ಡ್ ನಾಟ್ಕ!" ಎಂದು ನಾನು ಕಿರುಚಿದೆ. "ನಿನ್ನೆ ಸಂಜಿಗೆ ನಾನೇ ಓಡ್ಸಿದ್ದೆ ಇದನ್ನ್. ನೂರ್ ನಲ್ವತ್ತ್! ಬ್ರೇಕ್ ಕಲ್ಲಿನಂಗ್ ಇತ್ತ್."

"ನಿನ್ನೆ ಇದ್ದಿತ್ತ್" ಎಂದ ದೇವು. "ಮೆಲ್ಲ ತುಳುದಕ್ಕೆ ತಡಿತ್ತ್. ಕೂಕಣಿ, ಒಂದ್ ಸಲ ಜೋರ್ ತುಳ್ದ್ ಕಾಣಿ. ಎದ್ರಿಗೆ ದನ ಹಾರ್ದಂಗೆ. ನಿಂತಲ್ಲೇ ತುಳೀರಿ, ಗಾಡಿ ಹೊರಡ್ಸುದ್ ಬ್ಯಾಡ."

ದೇವು ಜ್ಯಾಕ್ ಇಳಿಸಿದ ಮೇಲೆ ನಾನು ಬಾಗಿಲು ತೆರೆದು ಕೂತೆ. ಎಂಜಿನ್ ಸ್ಟಾರ್ಟ್ ಮಾಡಿ ಪೆಡಲಿನ ಮೇಲೆ ಕಾಲಿಟ್ಟೆ. ತುಳಿದೆ. ಗಟ್ಟಿಯಾಗಿ ನಿಂತಿತು. "ಕಂಡ್ರ್ಯಾ?" ಎಂದು ರತೀಶನಿಗೆ ಕೂಗಿದೆ. ಎರಡನೇ ಸಲ ಇನ್ನೂ ಜೋರಾಗಿ ತುಳಿದೆ. ಆಗಲೂ ನಿಂತಿತು. ಕಿಟಕಿಯ ಹೊರಗೆ ದೇವು ನಿಂತಿದ್ದ, ಒದ್ದೆ ಅಂಗಿಯಲ್ಲಿ, ನನ್ನ ಮುಖ ನೋಡುತ್ತಾ. ಆ ನೋಟ ಕಂಡದ್ದೇ, ಬ್ರಹ್ಮಾವರದ ಡಾಕ್ಟರು, ಹೊಂಡದ ಮೇಲೆ ನಿಂತ ನನ್ನ ಕಾರುಗಳು, "ದೇವಣ್ಣ ಕಂಡಿರಾ" ಎಂದು ಕೇಳಿದ ಒಂದೊಂದು ಬಾಯಿ, ಎಲ್ಲವನ್ನೂ ಸೇರಿಸಿ ಮೂರನೇ ಸಲ ಒದ್ದೆ. ಅವನ ಎದೆಗೇ ಒದ್ದಂತೆ ಒದ್ದೆ.

ಸದ್ದೇನೂ ಆಗಲಿಲ್ಲ. ಕಾಲು ಸುಮ್ಮನೆ ಕೆಳಗೆ ಹೋಯಿತು. ಮೆಟ್ಟಿಲು ಇದೆ ಎಂದು ಇಟ್ಟ ಹೆಜ್ಜೆಗೆ ಮೆಟ್ಟಿಲು ಸಿಗದಂತೆ ಹೋಯಿತು. ಮತ್ತೆ ತುಳಿದೆ, ಮತ್ತೆ ಅಷ್ಟೇ. ಕಾರಿನ ಅಡಿಯಿಂದ ಬ್ರೇಕ್ ಎಣ್ಣೆ ತೆಳ್ಳಗೆ ಹರಿದು ಶೆಟ್ಟರ ಚಪ್ಪಲಿಯ ಹತ್ತಿರ ಬಂತು.

"ಒಂದ್ ಪೈಪ್ ಹೋಯ್ತ್. ಇನ್ನೊಂದಕ್ಕೂ ಅದೇ ಗತಿ" ಎಂದ ದೇವು.

ನನಗೆ ಇಳಿಯಲಾಗಲಿಲ್ಲ. ಹಿಂದಿನ ಸಂಜೆ ಆ ಕಡಲು, ಆ ಹೊಳೆ, ಆ ನೂರನಲವತ್ತು ಕಣ್ಣಿಗೆ ಕಟ್ಟಿತು. ಹೆದರಿಕೆ ಎಂದರೆ ಏನು ಎಂದು ನಲವತ್ತನಾಲ್ಕನೇ ವಯಸ್ಸಿಗೆ ಗೊತ್ತಾಯಿತು. ರತೀಶ್ ಕಿಟಕಿಯ ಹತ್ತಿರ ಬಂದು ಬಗ್ಗಿದ.

"ಇದಾ ನಿಮ್ ಮಾತ್?" ಎಂದ. "ನನ್ ಹೆಂಡ್ತಿ ಮಕ್ಕಳ್ನ ಕೂರ್ಸ್ಕಂಡ್ ಹೋತಿದ್ದೆ ಇದ್ರಗೆ." ಬೈಕು ಹತ್ತಿ ಬೈಂದೂರಿನ ಕಡೆಗೆ ಹೋದ. ಅವನ ಜೊತೆ ಆ ಹತ್ತು ಜನವೂ ಹೋದರು ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಳದ ಗೇಟು ತೆಗೆಯುತ್ತಿದ್ದೇನೆ, ದೇವು ನಿಂತಿದ್ದಾನೆ. ಬೇಡ ಎಂದ ಮೇಲೆ ಇಷ್ಟು ವರ್ಷ ಗೇಟಿನ ಆಚೆಗೇ ಉಳಿದವನು ನೇರ ಒಳಗೆ ಬಂದ.

"ಅಡಿಗೆ ತಟ್ಟೆ ಇಪ್ಪ ಕಾರ್, ಕಡಲ ಬದಿಯವ್ರಿಗೆ ಎಷ್ಟ್ ಮಾರಿದ್ರಿ? ಹೆಸ್ರ್ ಕೊಡಿ" ಎಂದ.

"ಎಂತಕೆ? ನನ್ ಅಂಗಡಿಗೆ ಬೀಗ ಹಾಕ್ಸುಕಾ?"

"ನಾನ್ ಹೇಳ್ದವ್ರ್ ನಾಕ್ ಜನ. ನಿನ್ನೆ ಹೋಯಿ ಎಲ್ಲರ್ ಮನಿಯಗೂ ತಪ್ಪ್ ನಂದ್ ಅಂತ ಹೇಳಿ ಬಂದೆ. ಇಬ್ರ್ ಕಾರ್ ನಿಲ್ಸಿ ಆಯ್ತ್. ಅಲ್ಲೊಬ್ರ್ ಹೇಳ್ರ್, ನಮ್ ನೆಂಟ್ರಿಗೆ ಸುಧೀರಣ್ಣನೂ ಹಾಂಗೇ ಹೇಳಿದ್ರ್ ಅಂತ. ನೀವ್ ಎಷ್ಟ್ ಜನಕ್ಕ್ ಹೇಳಿದ್ರಿ, ನಂಗ್ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಏಳು ಜನ. ರಾತ್ರಿಯೆಲ್ಲ ಆ ಏಳು ಹೆಸರುಗಳೇ ತಲೆಯಲ್ಲಿ ಸುತ್ತಿದ್ದವು. ಆ ಮನೆಗಳಿಗೆ ಹೋಗಿ ನಾನು ಮಾರಿದ ಕಾರಿನಲ್ಲಿ ಕೂರಬೇಡಿ ಎಂದರೆ ಊರಿನಲ್ಲಿ ನನ್ನ ಮಾತಿಗೆ ಉಳಿದಿದ್ದ ಚೂರುಪಾರು ಬೆಲೆಯೂ ಹೋಗುತ್ತದೆ. ಕೊಡುವುದಿಲ್ಲ ಎಂದೆ, ಆಚೆ ಹೋಗು ಎಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಗೇಟಿನ ಪಕ್ಕದ ಬೆಂಚಿನಲ್ಲಿ ಕೂತ. ನಾನು ನನ್ನ ಕುರ್ಚಿಯಲ್ಲಿ ಕೂತೆ. ಆದರೆ ನನ್ನ ಬಲಗಾಲು ನನ್ನ ಮಾತು ಕೇಳಲಿಲ್ಲ. ಮೇಜಿನ ಕೆಳಗೆ ಅದು ತನ್ನಷ್ಟಕ್ಕೆ ನೆಲ ಒತ್ತುತ್ತಿತ್ತು, ನೆಲ ಇದೆಯಾ ಎಂದು ನೋಡುವಂತೆ. ಹತ್ತು ಗಂಟೆಗೆ ಎದ್ದೆ. "ನಡೀರಿ" ಎಂದೆ.

ನನ್ನದೇ ಕಾರಿನಲ್ಲಿ ಹೊರಟೆವು. ಮೊದಲ ಮನೆಯ ಯಜಮಾನ ಗುಡ್ಡ ಅನ್ನುವವನು, ಬೋಟಿನ ಮಾಲೀಕ, ನನ್ನನ್ನು ಅರ್ಧ ಗಂಟೆ ಬೈದ. ದೇವು ಕಾರಿನಡಿಯಲ್ಲಿ ಮಲಗಿ ಎಲ್ಲವನ್ನೂ ಕೇಳುತ್ತಿದ್ದ, ನನ್ನ ಪರವಾಗಿ ಒಂದು ಸೊಲ್ಲು ಎತ್ತಲಿಲ್ಲ. ಎರಡನೇ ಮನೆಯಲ್ಲಿ ನಾನು ಜಾಣನಾದೆ. ಅಡಿಗೆ ನೀರು ಹೊಡೆಯಿರಿ ಎನ್ನುವುದು ದೇವುವಿನ ಉಪದೇಶ, ಅವನೇ ಈಗ ಸರಿಮಾಡಲು ಬಂದಿದ್ದಾನೆ ಎಂದು ಹೇಳಿದೆ. ಬೈಗುಳ ಅವನ ಕಡೆ ತಿರುಗಿತು. ಅವನು ಹೌದು ಎಂದು ತಲೆ ಅಲ್ಲಾಡಿಸಿದ. ಮೂರು, ನಾಲ್ಕು, ಐದು, ಆರು ಮನೆಯಲ್ಲಿ ಹೀಗೇ ದಾಟಿಸಿದೆ. ಮೂರು ಕಾರಿನ ಪೈಪು ಚೆನ್ನಾಗಿತ್ತು, ಆ ಮನೆಗಳ ಬೋರಿನಲ್ಲಿ ಸಿಹಿ ನೀರು. ಮೂರನ್ನು ನಿಲ್ಲಿಸಿ ಬಂದೆವು.

ಏಳನೆಯದು ಬೈಂದೂರಿನ ಕಡಲ ಬದಿಯಲ್ಲಿ, ಸ್ವಾತಿ ಎನ್ನುವವಳ ಮನೆ. ಗಂಡ ಮಸ್ಕತ್ತಿನಲ್ಲಿ. ಬಿಳಿ ಸೆಡಾನ್, ನಾನೇ ಎರಡು ವರ್ಷದ ಹಿಂದೆ ಮಾರಿದ್ದು. ನಾವು ಮುಟ್ಟಿದಾಗ ಸಂಜೆ ಐದು. ಎರಡು ಹೆಣ್ಣುಮಕ್ಕಳು ಭರತನಾಟ್ಯ ತರಗತಿಗೆ ಹೊರಟು, ಬಣ್ಣದ ಸೀರೆ ಬಿಗಿದುಕೊಂಡು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಸ್ವಾತಿ ಕೀ ಹಿಡಿದು ಮನೆ ಬಾಗಿಲು ಹಾಕುತ್ತಿದ್ದಳು. ಐದು ನಿಮಿಷ ಕೊಡಿ ಎಂದು ನಾನು ಹೇಳುತ್ತಿರುವಾಗಲೇ ದೇವು ನೆಲಕ್ಕೆ ಒರಗಿ, ತಟ್ಟೆಯ ಸಂದಿಗೆ ಬೆರಳು ತೂರಿಸಿ, ಎಳೆದು, ನಾಲಿಗೆಗೆ ಮುಟ್ಟಿಸಿದ. ಉಗುಳಿ ಎದ್ದ. ಟಾರ್ಚನ್ನು ನನ್ನ ಕೈಗೆ ಕೊಟ್ಟು ನೋಡು ಎಂದು ಸನ್ನೆ ಮಾಡಿದ. ನಾನೂ ಮಲಗಿ ನೋಡಿದೆ. ಪೈಪಿನ ಮೇಲೆ ಎಣ್ಣೆಯ ಹನಿ ಈಗಲೇ ಜಿನುಗುತ್ತಿತ್ತು.

"ಅಮ್ಮ, ಕೀ ಕೊಡಿ" ಎಂದ ದೇವು. "ಉಪ್ಪ್ ನೀರಗೆ ತೊಳ್ದ್ ತೊಳ್ದ್ ಬ್ರೇಕಿನ್ ಪೈಪ್ ತಿಂದ್ ಹೋಯಿತ್ತ್."

"ಎಂತಕ್ ಕೊಡುದ್?" ಸ್ವಾತಿ ಕೀಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. "ಹೊರಡು ಹೊತ್ತಿಗ್ ಬಂದ್, ಗಾಡಿ ಹಾಳಾಯ್ತ್ ಅಂಬ್ರಿ. ನಾಳೆ ನಮ್ಗೆ ಕೊಡಿ ಅಂಬ್ರಿ, ಅರ್ಧ ರೇಟಿಗೆ ಹೊಡ್ಕಂಡ್ ಹೋಪುದ್. ಗೊತ್ತಿಲ್ದಾ ನಿಮ್ ವ್ಯಾಪಾರ? ಮಕ್ಳೆ, ಬೆಲ್ಟ್ ಹಾಕಿ ಕೂಕಣಿ!"

ಕಾರಿನೊಳಗೆ ದೊಡ್ಡ ಹುಡುಗಿ ಚಿಕ್ಕವಳ ಬೆಲ್ಟು ಹಾಕಿದಳು.

"ದಿನಾ ತೊಳಿತಿದ್ದೆ ಇದನ್ನ" ಎಂದು ಸ್ವಾತಿ ನಮ್ಮಿಬ್ಬರ ಮುಖದ ಮುಂದೆ ಕೈ ಬೀಸಿದಳು. "ನಂಗ್ ಸೊಂಟ ನೋವು, ಆದ್ರೂ ಬಿಡ್ಲಿಲ್ಲ. ದಿನಾ ಅಡಿಗೆ ನೀರ್ ಹೊಡಿಕ್ ಅಂತ ನಮ್ಮನಿಯವ್ರಿಗೆ ಹೇಳ್ದದ್ ಯಾರ್? ಈಗ ತೊಳ್ದದ್ದೇ ತಪ್ಪ್ ಅಂತ್ರ್ಯಾ? ಯಾರ್ ಹೇಳ್ದದ್, ಇವ್ರಾ?" ಎಂದು ದೇವುವಿನ ಕಡೆ ಬೆರಳು ಮಾಡಿದಳು.

ದೇವು ಆಗಲೂ ತಲೆ ಅಲ್ಲಾಡಿಸಲು ತಯಾರಾಗಿದ್ದ. ಅವನ ಗದ್ದ ಕೆಳಗೆ ಹೋಗುವುದನ್ನು ನಾನು ಕಂಡೆ. ಅವನು ಹೌದು ಎಂದರೆ ಆಕೆ ಅವನನ್ನೇ ಇನ್ನಷ್ಟು ಬೈದು, ಕಾರು ಹತ್ತಿ, ಆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಿದ್ದಳು. ಗುರುತಿಲ್ಲದ ಒಬ್ಬ ಮೆಕ್ಯಾನಿಕನ ಮಾತು ಅವಳಿಗೆ ಯಾಕೆ?

"ಅವ ಅಲ್ಲ" ಎಂದೆ. "ನಾನ್. ಕೀ ಕೊಡುವಾಗ ನಿಮ್ ಯಜಮಾನ್ರಿಗೆ ನಾನೇ ಹೇಳ್ದದ್. ಯಾರೋ ಹೇಳ್ದದ್ ಕೇಂಡ್, ಗೊತ್ತಿಲ್ದೆ ಹೇಳ್ದೆ. ನಿಮ್ಮನಿ ನೀರ್ ಉಪ್ಪಾ ಸಿಹಿಯಾ ಅಂತಲೂ ಕೇಣ್ಲಿಲ್ಲ. ಮಾರ್ದವ ನಾನೇ ಹೇಳ್ತಿದ್ದೆ, ಸ್ವಾತಿಯಕ್ಕ, ಈ ಗಾಡಿಗೆ ಬ್ರೇಕ್ ಇಲ್ಲ."

ಸ್ವಾತಿ ನನ್ನನ್ನು ಒಮ್ಮೆ ನೋಡಿದಳು, ದೇವುವಿನ ಬಾಯಂಚಿನ ತುಕ್ಕಿನ ಕಲೆಯನ್ನು ಒಮ್ಮೆ ನೋಡಿದಳು. ಆಮೇಲೆ ಕಾರಿನ ಹಿಂದಿನ ಬಾಗಿಲು ತೆರೆದು, ಮಕ್ಕಳಿಬ್ಬರನ್ನೂ ಕೈಹಿಡಿದು ಕೆಳಗಿಳಿಸಿದಳು.